ತೋಡಿನ ಬದಿಯ ಹಳೆಯ ನೀರು ಮಿಲ್ಲು: ಮತ್ತೆ ತಿರುಗಿಸಬಹುದಾ?

ಗುಡ್ಡೆಮನೆ (ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲ ಹತ್ತಿರ)

ನಮ್ಮ ತೋಟದ ಕೆಳಗಿನ ಮೂಲೆಯಲ್ಲಿ ತೋಡಿಗೆ (ಸಣ್ಣ ಹೊಳೆಗೆ) ತಾಗಿಕೊಂಡು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಒಂದು ಕೊಟ್ಟಿಗೆ ಉಂಟು. ಮಾಡು ಬಿದ್ದು ವರ್ಷಗಳಾದವು. ಊರಿನ ಹಿರಿಯರು ಈಗಲೂ ಅದನ್ನು ಮಿಲ್ಲುಕೊಟ್ಟಿಗೆ ಎಂದೇ ಕರೆಯುವುದು. ಅಜ್ಜ ಮಡಿಕೇರಿ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಅಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರನ್ನು ನೀರಿನ ಚಕ್ರದಲ್ಲಿ ಓಡಿಸುವುದನ್ನು ನೋಡಿದ್ದರಂತೆ. ಊರಿಗೆ ಬಂದು ತೋಟ ಮಾಡಿದ ಮೇಲೆ ಅದೇ ಮಾದರಿಯಲ್ಲಿ ಅಕ್ಕಿ ಹೊಡಿ (ಹಿಟ್ಟು) ಮಾಡುವ ಮಿಲ್ಲು ಹಾಕಿಸಿದರು. ಆಗ ಕಾಸರಗೋಡು ಇನ್ನೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಅಂದರೆ 1956ಕ್ಕಿಂತ ಮೊದಲು.

ಈ ಬೇಸಿಗೆಯಲ್ಲಿ ಕಾಡು ಸವರಿಸಿ ಒಳಗೆ ನೋಡಿದೆ. ಉಳಿದದ್ದು ಇಷ್ಟು: ಎರಡು ಕರಿಕಲ್ಲು, ಅಡ್ಡಗಲ 75 ಸೆಂಟಿಮೀಟರ್. ಮೇಲಿನದರ ಅಂಚಿನಲ್ಲಿ ಒಂದು ಚೂರು ಎದ್ದುಹೋಗಿದೆ. ಚಕ್ರದ ಮರವೆಲ್ಲ ಗೆದ್ದಲು ತಿಂದು ಕಬ್ಬಿಣದ ಪಟ್ಟಿ, ನಡುವಿನ ಅಚ್ಚು ಮಾತ್ರ ಇದೆ. ಅಚ್ಚಿನ ಇನ್ನೊಂದು ತುದಿಯಲ್ಲಿ ದೊಡ್ಡದೊಂದು ಬೀಡಿನ (ಎರಕದ ಕಬ್ಬಿಣದ) ಗಾಲಿ. ಅದರ ಸುತ್ತ ಹಲ್ಲಿಲ್ಲ, ಚೌಕ ಚೌಕ ತೂತುಗಳು, ಎಣಿಸಿದರೆ 72. ಅದರ ಪಕ್ಕ ಬಿದ್ದುಕೊಂಡಿರುವ ಸಣ್ಣ ಗಾಲಿಗೆ 11 ಹಲ್ಲು. ಚಕ್ರದ ಗುಂಡಿಯಲ್ಲಿ ಹೂಳು, ಸೋಗೆ, ಬಾವಲಿ ಹಿಕ್ಕೆ.

ಇದನ್ನು ಮತ್ತೆ ತಿರುಗಿಸಬಹುದಾ? ಯಾರಿಗಾದರೂ ಅನುಭವ ಉಂಟಾ? ಕರೆಂಟು ಬಂದದ್ದರಿಂದ ಮಿಲ್ಲು ನಿಂತಿತು ಎಂದು ಮನೆಯಲ್ಲಿ ಹೇಳುತ್ತಾರೆ.

ಉಪ್ಪಳ ಪೇಟೆಯವ

ಮಾರಾಯ್ರೆ, ಎರಡು ಎಚ್‌.ಪಿ. ಮೋಟರು ತಂದು ಕೂರಿಸಿದರೆ ಒಂದೇ ದಿನದ ಕೆಲಸ. ನೀರು, ಚಕ್ರ, ಗುಂಡಿ ಎಲ್ಲ ಫೋಟೋ ತೆಗೆಯಲಿಕ್ಕೆ ಚಂದ. ರಿಪೇರಿಗೆ ಬಡಗಿಯೂ ಸಿಗುವುದಿಲ್ಲ, ಕಲ್ಲುಕುಟಿಗನೂ ಸಿಗುವುದಿಲ್ಲ.

ಮುಳ್ಳೇರಿಯದ ಮಾಜಿ ಎಂಜಿನಿಯರ್

ಗುಡ್ಡೆಮನೆಯವರೇ, ಆ ತೂತಿನ ಗಾಲಿಯನ್ನು ದಯವಿಟ್ಟು ಗುಜರಿಗೆ ಕೊಡಬೇಡಿ. ಅದರ ಹಲ್ಲು ಕಳೆದುಹೋದದ್ದಲ್ಲ. ಪ್ರತಿ ತೂತಿಗೂ ಒಂದೊಂದು ಮರದ ಹಲ್ಲು ಬಡಿದು ಕೂರಿಸಿ, ಹಿಂದಿನಿಂದ ಬೆಣೆ ಹೊಡೆಯುವ ಜಾತಿಯ ಗಾಲಿ ಅದು. ಬೀಡಿಗೆ ಬೀಡು ತಾಗಿದರೆ ಸದ್ದು ವಿಪರೀತ. ಕಲ್ಲಿಗೆ ಏನಾದರೂ ಸಿಕ್ಕಿಕೊಂಡು ಜಾಮ್ ಆದರೆ ಇಡೀ ಗಾಲಿಯೇ ಬಿರುಕು ಬಿಡುತ್ತದೆ. ಮರದ ಹಲ್ಲಾದರೆ ಅದೊಂದು ಮುರಿಯುತ್ತದೆ, ಬೇರೆ ಹಾಕಿದರೆ ಮುಗಿಯಿತು. ನಮ್ಮಲ್ಲಿ ಒಣಗಿದ ಹುಣಸೆ ಮರದ ತಿರುಳು ಸಾಕು, ಕೊಡತಿಗೆ (ಮರದ ಸುತ್ತಿಗೆಗೆ) ಹಾಕುವಂಥದ್ದು.

72 ಮತ್ತು 11 ಎಂಬ ಲೆಕ್ಕವೂ ಸುಮ್ಮನೆ ಬಂದದ್ದಲ್ಲ. ಎರಡಕ್ಕೂ ಸಮಾನ ಅಪವರ್ತನ ಇಲ್ಲ. ಹಾಗಾಗಿ ಸಣ್ಣ ಗಾಲಿಯ ಒಂದೇ ಹಲ್ಲು ದೊಡ್ಡದರ ಅದದೇ ಹಲ್ಲಿಗೆ ಪದೇ ಪದೇ ಕೂಡುವುದಿಲ್ಲ, ಸರದಿಯಲ್ಲಿ 72ಕ್ಕೂ ತಾಗಿ ಬರುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಎರಕ ಹೊಯ್ದವನಿಗೆ ಕೆಲಸ ಗೊತ್ತಿತ್ತು.

ಈಗ ಎರಡು ಅಳತೆ ಕೊಡಿ. ಒಂದು, ಕಣಿಯ (ಮಿಲ್ಲಿಗೆ ನೀರು ತರುವ ಕಾಲುವೆಯ) ನೀರು ಚಕ್ರದ ಮೇಲೆ ಬೀಳುವ ಜಾಗದಿಂದ ಕೆಳಗೆ ಹೊರಹೋಗುವ ಜಾಗದವರೆಗೆ ಎತ್ತರ. ಎರಡು, ಕಣಿಯಲ್ಲಿ ಎಷ್ಟು ನೀರು ಬರುತ್ತದೆ. ಕಣಿಯ ನೇರ ಭಾಗದಲ್ಲಿ 10 ಮೀಟರ್ ಗುರುತು ಮಾಡಿ, ಒಂದು ಒಣ ಅಡಿಕೆ ಬಿಡಿ, ಎಷ್ಟು ಸೆಕೆಂಡು ಹಿಡಿಯುತ್ತದೆ ನೋಡಿ. ಅಗಲ, ಆಳ ಬರೆದುಕೊಳ್ಳಿ.

ಗುಡ್ಡೆಮನೆ

ಬೇಸಿಗೆಯಲ್ಲಿ ಕಣಿ ಒಣಗಿ ಬಿದ್ದಿತ್ತು. ಈಗ ಮಳೆ ಹಿಡಿದ ಮೇಲೆ ಮಣ್ಣು ತೆಗೆಸಿ ನೀರು ಬಿಟ್ಟೆ. ಅಗಲ 40 ಸೆಂಟಿಮೀಟರ್, ಆಳ 15, ಅಡಿಕೆ 10 ಮೀಟರ್ ಹೋಗಲು 20 ಸೆಕೆಂಡು. ಎತ್ತರ ಮೂರೂವರೆ ಮೀಟರ್. ಪಟ್ಟಿ ನೋಡಿದರೆ ಚಕ್ರದ ಅಡ್ಡಗಲ 3 ಮೀಟರ್ ಇದ್ದಿರಬೇಕು.

ಮುಳ್ಳೇರಿಯದ ಮಾಜಿ ಎಂಜಿನಿಯರ್

ಚೆಂದದ ಅಳತೆ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುತ್ತದೆ, ಅದಕ್ಕೆ ಸುಮಾರು 0.8ರಿಂದ ಗುಣಿಸಬೇಕು. ಹಾಗೆ ಮಾಡಿದರೆ ಸೆಕೆಂಡಿಗೆ 24 ಲೀಟರ್. 24ನ್ನು 3.5ರಿಂದ, ಮತ್ತೆ 9.81ರಿಂದ ಗುಣಿಸಿದರೆ 824 ವ್ಯಾಟ್. ಇದು ನೀರಿನಲ್ಲಿರುವ ಶಕ್ತಿ, ಕಲ್ಲಿಗೆ ಮುಟ್ಟುವುದಲ್ಲ. ಮೇಲಿನಿಂದ ನೀರು ಬೀಳುವ ಚಕ್ರ ಸಾಧಾರಣ ಕೆಲಸಗಾರಿಕೆಯಲ್ಲೂ ಅದರ ಶೇ. 60 ಹಿಡಿಯುತ್ತದೆ. ಗಾಲಿ, ಬೇರಿಂಗು ತಿಂದು ಕಲ್ಲಿಗೆ 400 ವ್ಯಾಟ್, ಅಂದರೆ ಅರ್ಧ ಎಚ್‌.ಪಿ. ಸಿಕ್ಕಿತು ಎನ್ನಿ. ಗಂಟೆಗೆ 10 ಕೆ.ಜಿ. ಆಸುಪಾಸು ಹೊಡಿಯಾಗುತ್ತದೆ. ಹಿಮಾಲಯದ ಹಳೆಯ ನೀರಿನ ಮಿಲ್ಲುಗಳಾದ ಘರಾಟ್‌ಗಳದ್ದೂ ಹೆಚ್ಚು ಕಡಿಮೆ ಇಷ್ಟೇ.

ತಳದಲ್ಲಿ ನೀರು ತಳ್ಳಿಕೊಂಡು ಹೋಗುವ ಚಕ್ರವಾಗಿದ್ದರೆ ಇದರ ಅರ್ಧದ ಆಸುಪಾಸು ಮಾತ್ರ ಸಿಗುತ್ತಿತ್ತು. ಇದನ್ನು ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲೇ ಮಾದರಿ ಚಕ್ರ ಕಟ್ಟಿ ಅಳೆದು ತೋರಿಸಿದ್ದಾನೆ.

ವೇಗ: 3 ಮೀಟರ್ ಚಕ್ರ ನಿಮಿಷಕ್ಕೆ 12 ಸುತ್ತು ಬರುತ್ತದೆ. ಅದಕ್ಕಿಂತ ಜೋರು ಓಡಿಸಿದರೆ ನೀರು ಚಕ್ರದ ತೊಟ್ಟಿಯಲ್ಲಿ ಕೂರುವ ಮೊದಲೇ ಹೊರಗೆ ಚೆಲ್ಲುತ್ತದೆ. 72/11ರ ಗಾಲಿಯಿಂದ ಕಲ್ಲಿಗೆ 78 ಸುತ್ತು. ಪೇಟೆಯ ಮಿಲ್ಲಿಗೆ ಹೋಲಿಸಿದರೆ ಬಹಳ ನಿಧಾನ. ಹೊಡಿ ಬಿಸಿಯಾಗುವುದಿಲ್ಲ.

ಅಕ್ಕಲಕೋಟ ಮಂದಿ

ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಕಡೆ ತೋಡೂ ಇಲ್ಲ, ನಿಮ್ಮಂಥ ಮಳಿನೂ ಇಲ್ಲ. ನೀರಿನ ಗಿರಣಿ ಅಂದ್ರ ಜನ ನಗ್ತಾರ. ಆದ್ರ ಔರಂಗಾಬಾದದಾಗ, ಈಗ ಛತ್ರಪತಿ ಸಂಭಾಜಿನಗರ ಅಂತಾರಲ್ರೀ, ಅಲ್ಲಿ ಪನ್‌ಚಕ್ಕಿ ಅದ. ಬಾಬಾ ಶಾಹ ಮುಸಾಫಿರ ದರ್ಗಾದ ಅಂಗಳದಾಗ. ದರ್ಗಾಕ್ಕ ಬರೋ ಮಂದಿಗಿ, ಫಕೀರರಿಗಿ ಅಲ್ಲೇ ಹಿಟ್ಟು ಬೀಸಿ ರೊಟ್ಟಿ ಮಾಡ್ತಿದ್ರಂತ.

ಅಲ್ಲಿ ಚಕ್ರ ನಿಮ್ಮದರಂಗ ನಿಂತಿರಂಗಿಲ್ರೀ, ಅಡ್ಡ ಮಲಗಿರ್ತದ. ಕಬ್ಬಿಣದ ರೆಕ್ಕಿ, ನಡುವ ನೆಟ್ಟನ ಅಚ್ಚು, ಅಚ್ಚಿನ ಮ್ಯಾಲ ಬೀಸೂಕಲ್ಲು. ಹಲ್ಲಿನ ಗಾಲಿ ಬೇಕಾಗೇ ಇಲ್ಲ, ಚಕ್ರ ಒಂದು ಸುತ್ತು ತಿರುಗಿದ್ರ ಕಲ್ಲು ಒಂದು ಸುತ್ತು. ನೀರು ಊರ ಹೊರಗಿನ ಗುಡ್ಡದ ಕಡಿಂದ ಮಣ್ಣಿನ ಕೊಳವಿಯೊಳಗ ನೆಲದಾಗೇ ಬರ್ತದ. ಕಡೀಕ ಎತ್ತರದ ಗ್ವಾಡಿ ಏರಿ, ಅಲ್ಲಿಂದ ಕೊಳಕ್ಕ ಧುಮುಕ್ತದ. ಪಂಪಿಲ್ಲ, ಏನಿಲ್ಲ. ಗುಡ್ಡದಾಗಿನ ನೀರು ಗ್ವಾಡಿಗಿಂತ ಮ್ಯಾಲ ಅದ, ಅಷ್ಟೇ ಲೆಕ್ಕ. ನಾ ನೋಡಿದಾಗ ನನಗ ಚಕ್ರಕ್ಕಿಂತ ಆ ಗ್ವಾಡಿನೇ ಹೆಚ್ಚು ಸೇರ್ತು.

ಕಲ್ಲಿನ ಮಾತು: ಜ್ವಾಳ ಬೀಸೋ ಗಿರಣಿ ಕಲ್ಲಿಗಿ ನಾವು ಟಾಕಿ ಹೊಡಿಸ್ತೀವಿ, ಅಂದ್ರ ಉಳಿಲೆ ಗೆರಿ ಕುಟ್ಟಿಸ್ತೀವಿ. ನಿಮ್ಮ ಕಲ್ಲು ಆಗ ಬೀಸಿ ಬೀಸಿ ಸವೆದು ಮ್ಯಾಲ ನುಣ್ಣಗಾಗಿರ್ತದ. ಹಂಗೇ ಓಡಿಸಿದ್ರ ಅಕ್ಕಿ ಒಡೀತದ, ಹಿಟ್ಟಾಗಂಗಿಲ್ಲ.

ಉಪ್ಪಳ ಪೇಟೆಯವ

ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಬಾವಿಯ) ನೀರು ಇದೆಯಲ್ಲ? ನಮ್ಮ ಎಣ್ಮಕಜೆ, ಬಾಯಾರು ಕಡೆ ಗುಡ್ಡೆಗೊಂದು ಸುರಂಗ. ವರ್ಷವಿಡೀ ಬರುತ್ತದೆ. ಅದನ್ನೇ ಚಕ್ರಕ್ಕೆ ಬಿಟ್ಟರೆ ತೋಡಿನ ತಂಟೆ ಬೇಡವಲ್ಲ?

ಮುಳ್ಳೇರಿಯದ ಮಾಜಿ ಎಂಜಿನಿಯರ್

ಲೆಕ್ಕ ಹಾಕುವಾ. ಸೆಕೆಂಡಿಗೆ ಅರ್ಧ ಲೀಟರ್ ಕೊಡುವ ಸುರಂಗ ಅಂದರೆ ನಮ್ಮಲ್ಲಿ ಭಾರೀ ಒಳ್ಳೆಯದೇ. ಮೂರೂವರೆ ಮೀಟರಿನಿಂದ ಬಿಟ್ಟರೆ 17 ವ್ಯಾಟ್. ಒಂದು ಬಲ್ಬು ಉರಿಸಬಹುದು. ಮುರಕಲ್ಲು ಕೊರೆದು ತೆಗೆದ ನೀರನ್ನು ಕುಡಿಯಲಿಕ್ಕೂ ತೋಟಕ್ಕೂ ಇಟ್ಟುಕೊಳ್ಳೋಣ.

ಕಟ್ಟದಬೈಲು

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಗುಡ್ಡೆಮನೆ ಭಾವ, ನಿಮ್ಮ ಮಿಲ್ಲಿನಿಂದ ಕೆಳಗೆ ತೋಡಿಗೆ ಮೊದಲ ಕಟ್ಟ (ಅಡ್ಡ ಒಡ್ಡು) ಎಷ್ಟು ದೂರ?

ಗುಡ್ಡೆಮನೆ

ಒಂದು ತೋಟ ದಾಟಿದರೆ ಸಿಗುತ್ತದೆ. ಮೊದಲು ಮಣ್ಣಿನ ಕಟ್ಟ ಇತ್ತು. ಈಗ ಕಾಂಕ್ರೀಟಿನದು, ಹಲಗೆ ಇಳಿಸುವ ವಿ.ಸಿ.ಬಿ. (ಕಿಂಡಿ ಅಣೆಕಟ್ಟು).

ಕಟ್ಟದಬೈಲು

ಹಾಗಾದರೆ ಕರೆಂಟಿನ ಕಥೆ ಪೂರ್ತಿ ನಂಬಬೇಡಿ. ಏತಡ್ಕ ಕಡೆಯ ಕಟ್ಟಗಳನ್ನು ನೋಡಿದವರಿಗೆ ಗೊತ್ತು: ಮಳೆ ಹಿಂದೆ ಸರಿದು ತೋಡಿನ ನೀರು ಸಪೂರ ಆಗುವಾಗ, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ, ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ತೋಡಿಗೆ ಅಡ್ಡ ಕಟ್ಟುತ್ತಾರೆ. ಹಿಂದೆ ನಿಂತ ನೀರು ಬಹಳ ದೂರದವರೆಗೆ ಏರಿ, ಎರಡೂ ಬದಿಯ ಬಾವಿ, ಕೆರೆ, ಸುರಂಗಕ್ಕೆ ಇಂಗುತ್ತದೆ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಹೋಗುತ್ತದೆ, ಮತ್ತೆ ಚಳಿಗೆ ಕಟ್ಟುವುದು. ಒಂದೇ ತೋಡಿನಲ್ಲಿ ಸಾಲಾಗಿ ಕಟ್ಟ ಇದ್ದರೆ ಒಂದರ ಬಾಲ ಇನ್ನೊಂದರ ಬುಡಕ್ಕೆ ಮುಟ್ಟುತ್ತದೆ.

ಈಗ ಯೋಚಿಸಿ. ಕೆಳಗಿನ ಕಟ್ಟ ಹಾಕಿದ ಕೂಡಲೇ ನಿಮ್ಮ ಚಕ್ರದ ಗುಂಡಿಯಲ್ಲಿ ನೀರು ಏರುತ್ತದೆ. ಚಕ್ರದ ಕೆಳಭಾಗ ಮುಳುಗುತ್ತದೆ. ಮೇಲಿನಿಂದ ಬೀಳುವ ನೀರು ತಿರುಗಿಸಲು ನೋಡುತ್ತದೆ, ಕೆಳಗೆ ನಿಂತ ನೀರು ಹಿಡಿದುಕೊಳ್ಳುತ್ತದೆ. ಇಂಥ ಕಡೆ ಮಿಲ್ಲಿನವರಿಗೂ ಕಟ್ಟದವರಿಗೂ ಮಾತು ಬಿಡುವುದು ಹೊಸತಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಕೇಳಿ, ಮಿಲ್ಲು ಯಾವ ತಿಂಗಳು ಓಡುತ್ತಿತ್ತು ಎಂದು.

ಗುಡ್ಡೆಮನೆ

ದೊಡ್ಡತ್ತೆಯ ಹತ್ತಿರ ಕೇಳಿದೆ. ಅವರಿಗೆ ತೊಂಬತ್ತರ ಹತ್ತಿರ, ನೆನಪು ಚುರುಕು. "ಕಟ್ಟ ಹಾಕಿದ ಮೇಲೆ ಮಿಲ್ಲಿಗೆ ರಜೆ, ಆಟಿಯಲ್ಲಿಯೂ ರಜೆ" ಎಂದರು. ಆಟಿ ಎಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು. ಆಟಿಯಲ್ಲಿ ಯಾಕೆ ಅತ್ತೆ, ಆಗ ಭರ್ತಿ ನೀರಲ್ಲವಾ ಎಂದೆ. ನೀರು ಉಂಟು, ಒಣ ಅಕ್ಕಿ ಎಲ್ಲಿತ್ತು ಎಂದು ನನಗೇ ಕೇಳಿದರು. ತಂಡಿ ಹಿಡಿದ ಅಕ್ಕಿ ಕಲ್ಲಿಗೆ ಮೆತ್ತಿಕೊಳ್ಳುತ್ತದಂತೆ. ಆ ತಿಂಗಳಲ್ಲಿ ಯಾರಾದರೂ ತಂದರೆ ಅಜ್ಜಿ "ಹುರಿದುಕೊಂಡು ಬನ್ನಿ" ಎಂದು ಹಿಂದೆ ಕಳಿಸುತ್ತಿದ್ದರಂತೆ. ಏಣೆಲು (ಮಳೆಗಾಲದ ಭತ್ತದ) ಬೆಳೆ ಕೊಯ್ದು, ಬಿಸಿಲು ಕಂಡು, ಕಟ್ಟ ಹಾಕುವವರೆಗಿನ ಆ ನಡುವಿನ ಸಮಯದಲ್ಲಿ ಮಾತ್ರ ರಾತ್ರಿ ಹಗಲು ಓಡುತ್ತಿತ್ತಂತೆ. ಅಂದರೆ ಹೆಚ್ಚು ಕಡಿಮೆ ಅಕ್ಟೋಬರ್, ನವೆಂಬರ್.

ಕೆಳಗಿನ ಮನೆಯವರ ಮತ್ತು ಅಜ್ಜನ ನಡುವೆ ಎಂತೆಲ್ಲ ಆಯಿತು ಎಂದು ಕೇಳಿದ್ದಕ್ಕೆ ಅತ್ತೆ ವಿಷಯ ಬದಲಿಸಿದರು.

ಕಟ್ಟದಬೈಲು

ವಿಷಯ ಬದಲಿಸಿದರೆ ಅದೇ ಉತ್ತರ.

ಇನ್ನೊಂದು. ಮಣ್ಣಿನ ಕಟ್ಟದಲ್ಲಿ ಸ್ವಲ್ಪ ಸೋರಿಕೆ ಇರುತ್ತಿತ್ತು, ಎತ್ತರವೂ ಕೈಗೆ ಸಿಕ್ಕಷ್ಟು. ವಿ.ಸಿ.ಬಿ.ಯ ಹಲಗೆ ಪೂರ್ತಿ ಇಳಿಸಿದರೆ ನೀರು ಮೊದಲಿಗಿಂತ ಮೇಲೆ ನಿಲ್ಲಬಹುದು. ಚಕ್ರಕ್ಕೆ ದುಡ್ಡು ಹಾಕುವ ಮೊದಲು, ಈ ಸಲ ಹಲಗೆ ಇಳಿಸಿದ ಮೇಲೆ ನಿಮ್ಮ ಗುಂಡಿಯ ಗೋಡೆಯಲ್ಲಿ ನೀರು ಎಲ್ಲಿವರೆಗೆ ಬಂತು ಎಂದು ಬಣ್ಣದಲ್ಲಿ ಗೆರೆ ಹಾಕಿ. ಅದಕ್ಕಿಂತ ಮೊದಲೇ ತಿಳಿಯಬೇಕಾದರೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯಿರಿ, ಮೇಸ್ತ್ರಿಗಳು ಅಡಿಪಾಯಕ್ಕೆ ಹಿಡಿಯುವ ಹಾಗೆ.

ಕಟ್ಟವನ್ನು ತಗ್ಗಿಸಲು ಹೇಳುವ ಆಲೋಚನೆ ಮಾತ್ರ ಬೇಡ. ಫೆಬ್ರವರಿ ನಂತರ ಅಷ್ಟೂ ತೋಟ ಬದುಕುವುದು ಅದರಲ್ಲಿ. ನಿಮ್ಮ ಬಾವಿಯೂ ಸೇರಿ.

ಮುಳ್ಳೇರಿಯದ ಮಾಜಿ ಎಂಜಿನಿಯರ್

ಕಟ್ಟದಬೈಲು ಹೇಳಿದ್ದು ಸರಿಯಾದ ಜಾಗಕ್ಕೆ ಬಂತು. ಚಕ್ರದ ತಳಕ್ಕೂ ಹೊರಹೋಗುವ ನೀರಿಗೂ ನಡುವೆ ಒಂದು ಗೇಣಾದರೂ ಅಂತರ ಬೇಕು. ನೀರು 40 ಸೆಂಟಿಮೀಟರ್ ಏರುವುದಾದರೆ ಎರಡು ದಾರಿ: ಚಕ್ರವನ್ನು 2.4 ಮೀಟರಿಗೆ ಇಳಿಸಿ ಅಚ್ಚು ಎತ್ತುವುದು, ಶಕ್ತಿಯಲ್ಲಿ ಐದನೇ ಒಂದು ಪಾಲು ಹೋಗುತ್ತದೆ. ಇಲ್ಲವೇ ಅಜ್ಜನ ಹಾಗೆ ಕಟ್ಟ ಹಾಕುವವರೆಗೆ ಮಾತ್ರ ಓಡಿಸುವುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಇಲ್ಲದ ತಿಂಗಳಲ್ಲಿ ಓಡಿಸಿಯೇ ತೀರಬೇಕೆಂದು ಚಕ್ರದ ಅಳತೆ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ. ಗಾಲಿ, ಕಲ್ಲು, ಕಣಿ ಎಲ್ಲ 3 ಮೀಟರಿಗೆ ಹೊಂದಿಸಿ ಮಾಡಿದ್ದು.

ಟರ್ಬೈನು ಹಾಕಿ ಎನ್ನುವವರೂ ಬರುತ್ತಾರೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಿಂದೆ ನೀರಿನ ಗಿರಣಿಗಳ ಸುಧಾರಣೆಗೆ ಸಹಾಯಧನ ಕೊಡುತ್ತಿತ್ತು. ಗುಡ್ಡಗಾಡು ರಾಜ್ಯಗಳಲ್ಲಿ ಅದರಿಂದ ಹಿಟ್ಟೂ ಕರೆಂಟೂ ಎರಡೂ ಮಾಡಿಕೊಂಡವರಿದ್ದಾರೆ. ಕೆಟ್ಟದ್ದಲ್ಲ. ಆದರೆ ನಿಮ್ಮಲ್ಲಿ ಬೀಡಿನ ಗಾಲಿ ಜೀವ ಹಿಡಿದು ಕೂತಿರುವಾಗ ಅದರ ಅಗತ್ಯ ಇಲ್ಲ.

ಚಕ್ರಕ್ಕೆ ಮರ: ಕಿರಾಲ್‌ಬೋಗಿ ಸಿಕ್ಕಿದರೆ ಬಿಡಬೇಡಿ, ದೋಣಿಗೆ ಹಾಕುವ ಮರ ಅದು, ನೀರಿಗೆ ಜಗ್ಗುವುದಿಲ್ಲ. ಹಲಸು ಎರಡನೇ ಆಯ್ಕೆ. ನೀರಿನ ಮರಕ್ಕೆ ದೊಡ್ಡ ಶತ್ರು ಒಮ್ಮೆ ಒದ್ದೆ, ಒಮ್ಮೆ ಒಣ ಆಗುವುದು. ಮಿಲ್ಲಿಗೆ ರಜೆ ಇರುವಾಗಲೂ ವಾರಕ್ಕೊಮ್ಮೆ ಕೈಯಲ್ಲಿ ಅರ್ಧ ಸುತ್ತು ತಿರುಗಿಸಿಡಿ. ಇಲ್ಲದಿದ್ದರೆ ಕೆಳಗಿನ ಬದಿ ನೀರು ಕುಡಿದು ಭಾರವಾಗಿ ಚಕ್ರ ಒಂದು ಕಡೆಗೆ ತೂಗುತ್ತದೆ.

ಬದಿಯಡ್ಕದ ಅಕ್ಕ

ನಾನು ಮನೆಯಲ್ಲಿ ಬಾಳೆಕಾಯಿ ಹುಡಿ ಮಾಡಿ ಮಾರುವವಳು. 2021ರಲ್ಲಿ ಕೃಷಿ ಮಾಸಿಕ ಅಡಿಕೆ ಪತ್ರಿಕೆಯವರು, ಅದರ ಸಂಪಾದಕ ಶ್ರೀಪಡ್ರೆಯವರು ಬಾಕಾಹು ಎಂದು ಹೆಸರಿಟ್ಟು ಪ್ರಚಾರ ಮಾಡಿದ ಮೇಲೆ ಸುರು ಮಾಡಿದ್ದು. ಕಾಯಿ ತೆಳ್ಳಗೆ ಹೆರೆದು, ಒಣಗಿಸಿ, ಬೆರಳಲ್ಲಿ ಮುರಿದರೆ ಟಕ್ ಎನ್ನಬೇಕು. ಮಿಕ್ಸಿಯಲ್ಲಿ ಹಾಕಿದರೆ ಜಾರು ಬಿಸಿಯಾಗಿ ತಳಕ್ಕೆ ಹಿಡಿಯುತ್ತದೆ. ಪೇಟೆಯ ಮಿಲ್ಲಿನಲ್ಲಿ ನನಗಿಂತ ಮೊದಲು ಮೆಣಸು ಹಾಕಿದವರಿದ್ದರೆ ಕಥೆ ಮುಗಿಯಿತು, ಮಗುವಿನ ಮಣ್ಣಿಗೂ (ಗಂಜಿಯಂಥ ತಿನಿಸಿಗೂ) ಖಾರ.

ಅದಕ್ಕೆ ಕೇಳುವುದು: ನಿಮ್ಮ ಮಿಲ್ಲು ಓಡಿದರೆ ನಮ್ಮಂಥವರಿಗೆ ದಿನ ಕೊಡುತ್ತೀರಾ? ಮೆಣಸು, ಅರಶಿನ ಬಿಲ್ಕುಲ್ ಬೇಡ ಎಂದು ಬಾಗಿಲಲ್ಲೇ ಬೋರ್ಡು ಹಾಕಿ. ಕೂವೆ ಗಡ್ಡೆಗೆ ಮಿಲ್ಲು ಬೇಡ, ಅದು ತುರಿದು ನೀರಲ್ಲಿ ತಳ ಕೂರಿಸುವುದು. ಬಾಕಾಹು, ಅಕ್ಕಿ, ರಾಗಿಗೆ ಸಾಕು. ಮಾರಾಟಕ್ಕಾದರೆ ಆಹಾರ ಸುರಕ್ಷತೆಯ ಎಫ್‌.ಎಸ್‌.ಎಸ್‌.ಎ.ಐ. ನೋಂದಣಿ ಮಾಡಿಸಬೇಕು, ಅದು ಆನ್‌ಲೈನಿನಲ್ಲೇ ಆಗುತ್ತದೆ.

ತಾಳವಾಡಿ ಟೀಚರ್

ಈರೋಡು ಜಿಲ್ಲೆಯ ತಾಳವಾಡಿಯಿಂದ. ನಮ್ಮಲ್ಲಿ ರಾಗಿ ಊರು. ರಾಗಿಗೂ ಅಕ್ಕಿಗೂ ಕಲ್ಲಿನ ನಡುವಿನ ಸಂದು ಬೇರೆ ಬೇರೆ ಇಡಬೇಕಾಗುತ್ತೆ. ನಿಮ್ಮ ಮೇಲುಗಲ್ಲನ್ನ ಎತ್ತಿ ಇಳಿಸೋಕೆ ಏನಾದ್ರೂ ವ್ಯವಸ್ಥೆ ಇದೆಯಾ? ಅದಿಲ್ಲದೆ ಎರಡೂ ಧಾನ್ಯ ಅಂತ ಒಪ್ಪಿಕೊಳ್ಳಬೇಡಿ.

ಗುಡ್ಡೆಮನೆ

ಟೀಚರ್, ಉಂಟು. ಕೆಳಗೆ ಅಚ್ಚು ಕೂರುವ ಅಡ್ಡ ತೊಲೆಯ ಒಂದು ತುದಿಗೆ ತಿರುಪಿನ ಸರಳು ಹಾಕಿದ್ದಾರೆ. ತುಕ್ಕು ಹಿಡಿದು ಕೂತಿದೆ, ಡೀಸೆಲ್ ಹೊಯ್ದು ಬಿಟ್ಟಿದ್ದೇನೆ.

ಅಕ್ಕ, ಮೆಣಸಿಗೆ ಬೋರ್ಡು ಖಂಡಿತ.

ಪರವಾನಗಿಯ ವಿಷಯ ಯಾರಾದರೂ ಹೇಳಿ. ತೋಡು ಪೊರಂಬೋಕು (ಸರಕಾರಿ ಜಾಗ), ಕಣಿಯ ಬಾಯಿ ಅದರಲ್ಲೇ ಇರುವುದು.

ಕಟ್ಟದಬೈಲು

ಕೇರಳದಲ್ಲಿ ಇದಕ್ಕೆ 2003ರ ನೀರಾವರಿ ಮತ್ತು ಜಲಸಂರಕ್ಷಣೆ ಕಾಯಿದೆ ಉಂಟು. ತೋಡಿನ ನೀರು ನಿಮ್ಮದಲ್ಲ, ನನ್ನದೂ ಅಲ್ಲ. ನಿಮ್ಮದು ನೀರು ತಿನ್ನುವ ಯೋಜನೆಯಲ್ಲ. ತೆಗೆದದ್ದನ್ನು ಒಂದು ತೋಟದ ಉದ್ದ ದಾಟಿಸಿ ಅಷ್ಟೂ ತೋಡಿಗೇ ಬಿಡುತ್ತೀರಿ. ಅದನ್ನು ಒಂದು ನಕ್ಷೆ ಬರೆದು ಪಂಚಾಯತಿಗೆ ಅರ್ಜಿಯ ಜೊತೆ ಕೊಡಿ. ಅರ್ಜಿ ಕನ್ನಡದಲ್ಲೇ ಬರೆಯಿರಿ, ನಮಗೆ ಆ ಹಕ್ಕು ಉಂಟು. ಮಲಯಾಳದಲ್ಲಿ ಬರೆದುಕೊಂಡು ಬನ್ನಿ ಎಂದು ಕೌಂಟರಿನಿಂದ ಹಿಂದೆ ಕಳಿಸಿದರೆ ಬೇಸರ ಮಾಡದೆ ಸ್ವೀಕೃತಿ ಕೇಳಿ. ನನ್ನನ್ನು ಒಂದು ಕಚೇರಿಯಲ್ಲಿ ಇಡೀ ಬೇಸಿಗೆ ಅಲೆಸಿದ್ದಾರೆ, ಕೊನೆಗೆ ತೆಗೆದುಕೊಂಡರು.

ಮತ್ತೆ ಅರ್ಜಿಗಿಂತ ಮೊದಲು ಕೆಳಗಿನ ಮನೆಗೆ ಹೋಗಿ ಮಾತಾಡಿ. ಹಲಗೆ ಇಳಿಸುವ ದಿನಕ್ಕೆ ಮಿಲ್ಲು ನಿಲ್ಲಿಸುತ್ತೇನೆ ಎಂದು ನೀವಾಗಿಯೇ ಹೇಳಿ. ಹಲಗೆ ಇಳಿಸಲು ಆಳಾಗಿಯೂ ನಿಲ್ಲಿ.

ಅಕ್ಕಲಕೋಟ ಮಂದಿ

ಕಲ್ಲಿನ ಬಗ್ಗೆ ಇನ್ನಷ್ಟು ಹೇಳ್ತೀನ್ರೀ, ನಮ್ಮ ಕಾಕಾನ ಗಿರಣಿಯೊಳಗ ಬೆಳೆದವ ನಾ. ಗೆರಿ ನಡುವಿನ ತೂತಿನ ಹತ್ರ ಆಳ ಇರಬೇಕು, ಅಂಚಿಗೆ ಬರ್ತಾ ಬರ್ತಾ ತೆಳ್ಳಗಾಗಬೇಕು. ಕಾಳು ನಡುವ ಒಡೀತದ, ಅಂಚಿನಾಗ ನುಣ್ಣಗ ಆಗಿ ಹೊರಗ ಬೀಳ್ತದ. ಮ್ಯಾಲಿನ ಕಲ್ಲಿನ ಗೆರಿ, ಕೆಳಗಿನ ಕಲ್ಲಿನ ಗೆರಿ ಕತ್ತರಿಯಂಗ ಒಂದಕ್ಕೊಂದು ಹಾಯಬೇಕು. ಟಾಕಿ ಹೊಡೆದ ಮ್ಯಾಲ ಮೊದಲು ಬರೇ ನುಚ್ಚು ಹಾಕಿ ಬೀಸಿ ಚೆಲ್ರೀ, ಅದರಾಗ ಕಲ್ಲಿನ ಪುಡಿ ಇರ್ತದ. ದನಕ್ಕೂ ಹಾಕಬ್ಯಾಡ್ರಿ. ಕಾಳಿಲ್ಲದ ಖಾಲಿ ಕಲ್ಲು ಓಡಿಸಿದ್ರ ಕಿಡಿ ಹಾರ್ತಾವ, ಒಂದು ಗಳಿಗ್ಯಾಗ ಟಾಕಿ ಎಲ್ಲಾ ಸವೀತದ.

ಅಂಚಿನ ಚೂರು ಹೋಗ್ಯದ ಅಂದ್ರಲ್ಲ, ಎಷ್ಟು ಅಗಲ?

ಗುಡ್ಡೆಮನೆ

ಮೂರು ಬೆರಳು ಹಿಡಿಸುವಷ್ಟು. ಬೀಸುವ ಮುಖಕ್ಕೆ ಬಂದಿಲ್ಲ, ಮೇಲಿನ ಬದಿಗೆ ಮಾತ್ರ.

ಅಕ್ಕಲಕೋಟ ಮಂದಿ

ಹಂಗಾದ್ರ ನಡೀತದ. ಸುತ್ತ ಕಬ್ಬಿಣದ ಪಟ್ಟಿ ಕಾಸಿ ಹೊಡಿಸ್ರಿ, ಎತ್ತಿನ ಬಂಡಿ ಗಾಲಿಗಿ ಹಾಕ್ತಾರಲ್ಲ ಹಂಗ.

ಉಪ್ಪಳ ಪೇಟೆಯವ

ನಾನು ಮೋಟರಿನ ಪಕ್ಷದವನೇ. ಆದರೂ ಕೇಳುತ್ತೇನೆ, ಒಟ್ಟು ವರ್ಷಕ್ಕೆ ಎರಡು ತಿಂಗಳು ಓಡುವ ಮಿಲ್ಲಿಗೆ ಇಷ್ಟೆಲ್ಲ ಯಾಕೆ?

ಗುಡ್ಡೆಮನೆ

ಅಡಿಕೆ ಸುಲಿಯುವ ಮೆಷಿನು ವರ್ಷಕ್ಕೆ ಎಷ್ಟು ತಿಂಗಳು ಓಡುತ್ತದೆ ಭಾವ?

ನಿನ್ನೆ ಕೆಳಗಿನ ಮನೆಗೆ ಹೋಗಿದ್ದೆ. ಚಾ ಕೊಟ್ಟರು. ಅಜ್ಜನ ಕಾಲದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಲಗೆ ಈ ಸಲ ಡಿಸೆಂಬರ್ ಮೊದಲ ವಾರಕ್ಕಂತೆ. ಗುಂಡಿಯ ಗೋಡೆಗೆ ಗೆರೆ ಹಾಕಿಕೊಂಡು ಆಮೇಲೆ ಚಕ್ರದ ಮರ ಕೊಯ್ಯಿಸುತ್ತೇನೆ. ಅಷ್ಟರೊಳಗೆ ಕಲ್ಲಿನ ಕೆಲಸ ಮುಗಿಸಬೇಕು. ಕುಟ್ಟುವವರು ಒಬ್ಬರು ಸಿಕ್ಕಿದ್ದಾರೆ, ಅರೆಯುವ ಕಲ್ಲು ಮಾಡುವವರು. ಕಲ್ಲನ್ನು ಮಗುಚಿ ಹಾಕಿ ಕೊಟ್ಟರೆ ಮಾತ್ರ ಬರುತ್ತಾರಂತೆ. ಅದು ಎಷ್ಟು ಭಾರ ಇರಬಹುದು?

ಮುಳ್ಳೇರಿಯದ ಮಾಜಿ ಎಂಜಿನಿಯರ್

ದಪ್ಪ ಎಷ್ಟು?

ಗುಡ್ಡೆಮನೆ

20 ಸೆಂಟಿಮೀಟರ್.

ಮುಳ್ಳೇರಿಯದ ಮಾಜಿ ಎಂಜಿನಿಯರ್

ಹಾಗಾದರೆ 240 ಕೆ.ಜಿ. ಹತ್ತಿರ. ಜನ ಸೇರಿಸಿ ಹಾರೆ ಕೊಟ್ಟು ಎತ್ತಲು ಹೋಗಬೇಡಿ, ಬೆರಳು ಹೋಗುತ್ತದೆ. ಕೊಟ್ಟಿಗೆಯ ಗೋಡೆಗೆ ಭಾರ ಕೊಡಲೂಬಾರದು, ಮುರಕಲ್ಲು ಮಳೆಗೆ ನೆನೆದು ಸಡಿಲವಾಗಿರುತ್ತದೆ. ಮೂರು ಅಡಿಕೆ ಮರ ತ್ರಿಕೋನಕ್ಕೆ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿ.

ಕಟ್ಟದಬೈಲು

ಅಡಿಕೆ ಮರ ಬೇಡ, ಬಲಿತ ಬಿದಿರು ಹಾಕಿ. ಒಂದು ಟನ್ನಿನ ಚೈನ್ ಪುಲ್ಲಿ ನನ್ನಲ್ಲಿ ಉಂಟು, ಬಾವಿಯ ರಿಂಗ್ ಇಳಿಸಲು ತಂದದ್ದು. ಆದಿತ್ಯವಾರ ಪಿಕ್‌ಅಪ್ಪಿನಲ್ಲಿ ತರುತ್ತೇನೆ. ದಾರಿ ತೋಟದವರೆಗೆ ಬರುತ್ತದಾ, ಅಲ್ಲ ಮೇಲೆಯೇ ನಿಲ್ಲಿಸಬೇಕಾ?

ಗುಡ್ಡೆಮನೆ

ಮಳೆ ಬಾರದಿದ್ದರೆ ತೋಟದವರೆಗೆ ಬರುತ್ತದೆ. ಊಟಕ್ಕೆ ಇಲ್ಲಿಯೇ.